ಕೇಳದೆಯೇ ತಿಳಿಯುವ ಕ್ಷೇಮಸಮಾಚಾರ

ಇನ್‌ಲ್ಯಾಂಡ್ ಪತ್ರಗಳ ಕಾಲದಲ್ಲಿ ದೂರದ ಗೆಳೆಯ ಹೇಗಿದ್ದಾನೆಂದು ತಿಳಿಯಬೇಕಾದರೆ ಕೇಳಲೇಬೇಕಿತ್ತು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು, ಅಲ್ಲಿಯ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕೆಂದು ಕೋರುವುದು ಪತ್ರದ ಪದ್ಧತಿ. ಬರೀ ಒಕ್ಕಣೆಯೆಂದು ಕಂಡರೂ ಅದರೊಳಗೆ ಒಂದು ಕರಾರು ಇತ್ತು: ನಾನು ಹೇಳಿದ್ದೇನೆ, ಇನ್ನು ನೀನು ಹೇಳಬೇಕು. ಪತ್ರ ಬರೆಯದವರು ಊರಿಂದ ಬಂದವರನ್ನು ನಿಲ್ಲಿಸಿ ವಿಚಾರಿಸುತ್ತಿದ್ದರು, ಜಾತ್ರೆಗೋ ಮದುವೆಗೋ ಹೋದಾಗ ಹುಡುಕಿಕೊಂಡು ಹೋಗಿ ಮಾತಾಡಿಸುತ್ತಿದ್ದರು. ಇವತ್ತು ಫೋನು ತೆರೆದರೆ ಸಾಕು. ಹಳೆಯ ಸಹಪಾಠಿ ಮನೆ ಕಟ್ಟಿಸಿದ್ದು, ಅವಳ ಮಗ ಎಸ್ಸೆಸ್ಸೆಲ್ಸಿ ಪಾಸಾದದ್ದು, ಅವಳ ಅಪ್ಪ ತೀರಿಕೊಂಡದ್ದು ಎಲ್ಲವೂ ಯಾರನ್ನೂ ಕೇಳದೆ ಗೊತ್ತಾಗುತ್ತದೆ. ಜಾಲತಾಣಗಳಿಂದ ಗೆಳೆತನಕ್ಕೆ ಏನಾಯಿತು ಎಂಬ ಚರ್ಚೆ ಬಂದಾಗಲೆಲ್ಲ ಪರದೆ ಒಳ್ಳೆಯದೋ ಕೆಟ್ಟದ್ದೋ ಎಂಬಲ್ಲಿಗೆ ಮಾತು ಹೋಗಿ ನಿಲ್ಲುತ್ತದೆ. ನಡೆದಿರುವ ದೊಡ್ಡ ಬದಲಾವಣೆ ಬೇರೆಯೇ ಇದೆ ಎಂದು ನನಗೆ ತೋರುತ್ತದೆ. ಒಬ್ಬರ ಸುದ್ದಿ ತಿಳಿಯಲು ಅವರನ್ನು ಮಾತಾಡಿಸಬೇಕಾದ ಅಗತ್ಯ ಹೋಗಿಬಿಟ್ಟಿದೆ. ಗೆಳೆತನ ನಿಂತಿದ್ದುದು ಬಹುಮಟ್ಟಿಗೆ ಆ ಅಗತ್ಯದ ಮೇಲೆಯೇ ಎಂಬುದು ಅದು ಹೋದ ಮೇಲೆ ಅರಿವಿಗೆ ಬರುತ್ತಿದೆ.

ಒಬ್ಬ ಮನುಷ್ಯ ಎಷ್ಟು ಜನರೊಡನೆ ನಿಜವಾದ ನಂಟು ಇಟ್ಟುಕೊಳ್ಳಬಲ್ಲ? ಈ ಪ್ರಶ್ನೆಗೆ ಹೆಚ್ಚು ಪ್ರಸಿದ್ಧವಾದ ಉತ್ತರ ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್‌ಬಾರ್ ಅವರದು. ಕೋತಿ, ವಾನರಗಳ ಮೆದುಳಿನ ಹೊರಪದರದ ಗಾತ್ರಕ್ಕೂ ಅವು ಕಟ್ಟಿಕೊಳ್ಳುವ ಗುಂಪಿನ ಗಾತ್ರಕ್ಕೂ ಸಂಬಂಧವಿದೆಯೆಂದು ಅವರು 1992ರಲ್ಲಿ ತೋರಿಸಿದರು. ಅದೇ ಲೆಕ್ಕವನ್ನು ಮನುಷ್ಯರಿಗೆ ಹಚ್ಚಿದಾಗ ಬಂದ ಸಂಖ್ಯೆ ಸುಮಾರು 150. ಆ ಸಂಖ್ಯೆಗೆ ಆಕ್ಷೇಪಗಳೂ ಇವೆ. ಅದೇ ಬಗೆಯ ಮಾಹಿತಿಯನ್ನು ಬೇರೆ ಬೇರೆ ಸಂಖ್ಯಾಶಾಸ್ತ್ರೀಯ ವಿಧಾನಗಳಲ್ಲಿ ಲೆಕ್ಕ ಹಾಕಿದರೆ ಉತ್ತರ ಬಹಳ ಹಿಗ್ಗುತ್ತದೆ, ಕುಗ್ಗುತ್ತದೆ, ಹೀಗಾಗಿ ಒಂದೇ ಅಂಕಿಯನ್ನು ಹಿಡಿದು ಕೂರುವುದು ಸರಿಯಲ್ಲ ಎಂದು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ನಮಗೆ ಬೇಕಾದ ವಿಷಯ ಆ ಹೊರಗಿನ ಸಂಖ್ಯೆಯಲ್ಲಿಲ್ಲ, ಅದರ ಒಳಗಿನ ಪದರಗಳಲ್ಲಿದೆ. ಬ್ರಿಟನ್ನಿನ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ ಡನ್‌ಬಾರ್ 2016ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆ ಜನರಿಗೆ ಫೇಸ್‌ಬುಕ್‌ನಲ್ಲಿ ಸರಾಸರಿ 150ಕ್ಕಿಂತ ತುಸು ಹೆಚ್ಚು ಸ್ನೇಹಿತರಿದ್ದರು. ಕಷ್ಟ ಬಂದರೆ ಇವರಲ್ಲಿ ಎಷ್ಟು ಮಂದಿಯನ್ನು ನಂಬಿ ಕರೆಯಬಲ್ಲಿರಿ ಎಂದು ಕೇಳಿದ್ದಕ್ಕೆ ಬಂದ ಸರಾಸರಿ ಉತ್ತರ ಸುಮಾರು 4. ಮರುಕ ತೋರಿಸಬಲ್ಲವರು ಸುಮಾರು 14. ಪಟ್ಟಿ ಉದ್ದವಾಗಿದ್ದವರಿಗೂ ಈ ಒಳಗಿನ ಸಂಖ್ಯೆಗಳು ಹೆಚ್ಚೇನೂ ಬೆಳೆದಿರಲಿಲ್ಲ. ಫೇಸ್‌ಬುಕ್ ಒಬ್ಬರಿಗೆ 5000 ಸ್ನೇಹಿತರವರೆಗೆ ಅವಕಾಶ ಕೊಡುತ್ತದೆ. ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯಲು ಸಿಗುವವರ ಸಂಖ್ಯೆಯನ್ನು ಹೆಚ್ಚಿಸುವುದು ಅದರ ಕೈಯಲ್ಲಿಲ್ಲ.

ಆ ನಾಲ್ಕು ಮಂದಿ ಎಲ್ಲಿಂದ ಬರುತ್ತಾರೆ ಎಂಬುದನ್ನು ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಗಂಟೆಗಳಲ್ಲಿ ಅಳೆಯಲು ನೋಡಿದರು. ಹೊಸ ಊರಿಗೆ ಬಂದು ನೆಲೆಸಿದವರನ್ನು, ಹೊಸದಾಗಿ ಕಾಲೇಜು ಸೇರಿದವರನ್ನು ಅವರು ಮಾತಾಡಿಸಿದರು. 2018ರಲ್ಲಿ ಅವರು ಕೊಟ್ಟ ಅಂದಾಜಿನಂತೆ ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಗೆ ಕಳೆದಿರಬೇಕು. ಗೆಳೆಯ ಎಂದು ಧೈರ್ಯವಾಗಿ ಹೇಳಿಕೊಳ್ಳಲು 90 ಗಂಟೆ ಬೇಕು. ಆಪ್ತರಾಗಲು 200 ಗಂಟೆಗೂ ಹೆಚ್ಚು. ಆಫೀಸಿನಲ್ಲಿ ಒಂದೇ ಕೋಣೆಯಲ್ಲಿ ದುಡಿದ ಗಂಟೆಗಳಿಗೆ ಅಷ್ಟು ಬೆಲೆ ಇರಲಿಲ್ಲ. ಒಟ್ಟಿಗೆ ಊಟ, ಆಟ, ಹರಟೆಯಲ್ಲಿ ಕಳೆದ ಹೊತ್ತೇ ಲೆಕ್ಕಕ್ಕೆ ಬಂತು. ವಾರಕ್ಕೊಮ್ಮೆ ಎರಡು ಗಂಟೆ ಭೇಟಿಯಾದರೂ 200 ಗಂಟೆ ತುಂಬಲು ಎರಡು ವರ್ಷ ಹಿಡಿಯುತ್ತದೆ. ನಮ್ಮ ಆಪ್ತ ಗೆಳೆಯರಲ್ಲಿ ಬಹಳಷ್ಟು ಮಂದಿ ಶಾಲೆಯವರು, ಹಾಸ್ಟೆಲ್ಲಿನವರು, ಮೊದಲ ಬಾಡಿಗೆ ರೂಮಿನವರು ಆಗಿರುವುದಕ್ಕೆ ಇದೇ ಕಾರಣವಿರಬೇಕು. ಆ ವಯಸ್ಸಿನಲ್ಲಿ ಗಂಟೆಗಳಿಗೆ ಲೆಕ್ಕ ಇಡುವವರಿಲ್ಲ. ಹಾಗೆ ಕೂಡಿಟ್ಟ ಗೆಳೆತನ ತಾನಾಗಿ ಉಳಿಯುವುದೂ ಇಲ್ಲ. ಬ್ರಿಟನ್ನಿನಲ್ಲಿ ಶಾಲೆ ಮುಗಿಸಿ ಬೇರೆ ಬೇರೆ ಕಡೆಗೆ ಹೊರಟ 30 ಮಂದಿಯನ್ನು ಸ್ಯಾಮ್ ರಾಬರ್ಟ್ಸ್ ಮತ್ತು ಡನ್‌ಬಾರ್ 18 ತಿಂಗಳು ಹಿಂಬಾಲಿಸಿದರು. ಬಂಧುಗಳ ನಂಟು ಭೇಟಿ ಕಡಿಮೆಯಾದರೂ ಹೆಚ್ಚು ಸಡಿಲವಾಗಲಿಲ್ಲ. ಗೆಳೆತನ ಮಾತ್ರ ಕೆಲವೇ ತಿಂಗಳಲ್ಲಿ ತೆಳುವಾಯಿತು. ಹುಡುಗಿಯರಲ್ಲಿ ಅದನ್ನು ತಡೆದದ್ದು ಮಾತುಕತೆ, ಹುಡುಗರಲ್ಲಿ ಒಟ್ಟಿಗೆ ಏನಾದರೂ ಮಾಡುವುದು. ಅಣ್ಣ ತಮ್ಮ ಅಕ್ಕ ತಂಗಿಯರ ನಂಟಿಗೆ ಹುಟ್ಟಿನ ಆಸರೆ ಇದೆ, ಮದುವೆ ಮುಂಜಿಗಳ ಆಸರೆ ಇದೆ. ಗೆಳೆತನಕ್ಕೆ ಅಂಥ ಯಾವ ಆಸರೆಯೂ ಇಲ್ಲದ್ದರಿಂದ ಯಾರಾದರೊಬ್ಬರು ಎದ್ದು ಹೋಗಿ ಮಾತಾಡಿಸಲೇಬೇಕು.

ಮಾತಾಡಿಸುವುದು ಎಂದರೆ ಏನು ಎಂಬ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಲೆಸ್ಲಿ ಸೆಲ್ಟ್ಜರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗವೊಂದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಳೂವರೆಯಿಂದ ಹನ್ನೆರಡು ವರ್ಷದ ಹುಡುಗಿಯರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಲೆಕ್ಕ ಬಿಡಿಸಲು ಹೇಳಿದರು. ಯಾವ ಮಗುವಿಗಾದರೂ ಎದೆ ಡವಗುಟ್ಟುವ ಸನ್ನಿವೇಶ ಅದು. ಆಮೇಲೆ ಕೆಲವರನ್ನು ತಾಯಿಯ ಹತ್ತಿರ ಕಳಿಸಿದರು. ಕೆಲವರು ತಾಯಿಯೊಡನೆ ಫೋನಿನಲ್ಲಿ ಮಾತಾಡಿದರು, ಇನ್ನು ಕೆಲವರಿಗೆ ಕಂಪ್ಯೂಟರಿನಲ್ಲಿ ಮೆಸೇಜ್ ಮೂಲಕ ಮಾತಾಡಲು ಬಿಟ್ಟರು, ಉಳಿದವರಿಗೆ ತಾಯಿಯ ಸಂಪರ್ಕವೇ ಇರಲಿಲ್ಲ. ಜೊಲ್ಲು, ಮೂತ್ರಗಳನ್ನು ಪರೀಕ್ಷಿಸಿ ಹಾರ್ಮೋನುಗಳನ್ನು ಅಳೆದರು. ತಾಯಿಯನ್ನು ಕಂಡವರಲ್ಲೂ ಫೋನಿನಲ್ಲಿ ಅವಳ ದನಿ ಕೇಳಿದವರಲ್ಲೂ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು, ನೆಮ್ಮದಿ ಹಾಗೂ ನಂಟಿಗೆ ಸಂಬಂಧಿಸಿದ ಆಕ್ಸಿಟೋಸಿನ್ ಏರಿತ್ತು. ಮೆಸೇಜಿನಲ್ಲಿ ಮಾತಾಡಿದ ಹುಡುಗಿಯರ ದೇಹ ಮಾತ್ರ ತಾಯಿಯ ಸಂಪರ್ಕವೇ ಇಲ್ಲದವರ ದೇಹದ ಹಾಗೆಯೇ ಇತ್ತು. 2012ರಲ್ಲಿ ಪ್ರಕಟವಾದ ಈ ಪ್ರಯೋಗ ಸಣ್ಣದು, ಮಕ್ಕಳ ಮೇಲೆ ನಡೆದದ್ದು, ಅದರಿಂದ ಎಲ್ಲ ಗೆಳೆತನದ ಬಗ್ಗೆ ತೀರ್ಪು ಕೊಡುವುದು ಅವಸರವಾದೀತು. ಆದರೂ ಸಾಂತ್ವನದ ಶಬ್ದಗಳು ತಲುಪಿದ ಮಾತ್ರಕ್ಕೆ ಸಾಂತ್ವನ ತಲುಪುವುದಿಲ್ಲ ಎಂಬುದನ್ನು ಅದು ತೋರಿಸಿತು. ದೊಡ್ಡವರ ಬಗ್ಗೆ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಜೊತೆಗೆ ನಿಲ್ಲುತ್ತದೆ. ಬಹಳ ದಿನದಿಂದ ಮಾತು ಬಿಟ್ಟುಹೋಗಿದ್ದ ಗೆಳೆಯರನ್ನು ಸಂಪರ್ಕಿಸಲು ಹೇಳಿದಾಗ, ಫೋನ್ ಮಾಡಿದರೆ ಮುಜುಗರವಾಗುತ್ತದೆಂದು ಜನ ಮುಂಚೆಯೇ ಹೆದರಿದ್ದರು. ಫೋನ್ ಮಾಡಿದವರಿಗೆ ಅಂಥ ಮುಜುಗರವೇನೂ ಆಗಲಿಲ್ಲ, ಬರೆದು ಕಳಿಸಿದವರಿಗಿಂತ ಹೆಚ್ಚು ಹತ್ತಿರವಾದ ಭಾವ ಉಂಟಾಯಿತು. ನಮ್ಮನ್ನು ತಡೆಯುತ್ತಿರುವುದರಲ್ಲಿ ಬಹುಪಾಲು ಸುಳ್ಳು ಸಂಕೋಚ.

ಹಾಗಾದರೆ ಜಾಲತಾಣದಲ್ಲಿ ನಡೆಯುವುದೆಲ್ಲ ಪೊಳ್ಳೇ? ಅಲ್ಲ. ಮೊಯಿರಾ ಬರ್ಕ್ ಮತ್ತು ರಾಬರ್ಟ್ ಕ್ರೌಟ್ ಫೇಸ್‌ಬುಕ್‌ನ ಸುಮಾರು 1,900 ಬಳಕೆದಾರರನ್ನು ಮೂರು ತಿಂಗಳು ಗಮನಿಸಿ 2016ರಲ್ಲಿ ಒಂದು ಲೇಖನ ಬರೆದರು. ಬರ್ಕ್ ಆ ಕಂಪನಿಯಲ್ಲೇ ಸಂಶೋಧಕರಾಗಿದ್ದವರು. ಕಂಪನಿಗೆ ಅನುಕೂಲವಾದ ತೀರ್ಮಾನವನ್ನೇ ನಿರೀಕ್ಷಿಸಿದವರಿಗೂ ಅವರ ಫಲಿತಾಂಶ ಯೋಚನೆಗೆ ಹಚ್ಚುತ್ತದೆ. ಹತ್ತಿರದ ಗೆಳೆಯರು ತನಗೆಂದೇ ಬರೆದ ಮಾತುಗಳನ್ನು ಪಡೆದವರ ನೆಮ್ಮದಿ ಹೆಚ್ಚಿತ್ತು. ಒಂದು ಬೆರಳೊತ್ತಿನ ಲೈಕಿನಿಂದ, ಎಲ್ಲರಿಗೂ ಒಟ್ಟಿಗೆ ಹಾಕಿದ ಪೋಸ್ಟುಗಳನ್ನು ಓದುವುದರಿಂದ ಅಂಥ ಲಾಭ ಕಾಣಲಿಲ್ಲ. ಹೀಗಾಗಿ ಗೆರೆ ಎಳೆಯಬೇಕಾದದ್ದು ಪರದೆಗೂ ಮುಖಕ್ಕೂ ನಡುವೆ ಅಲ್ಲವೆಂದು ನನ್ನ ತಿಳಿವಳಿಕೆ. ಒಬ್ಬರನ್ನು ಉದ್ದೇಶಿಸಿ ಆಡಿದ ಮಾತು ಒಂದು ಕಡೆ, ಊರಿಗೆಲ್ಲ ಸಾರಿದ ಸುದ್ದಿ ಇನ್ನೊಂದು ಕಡೆ. ಮೊದಲನೆಯದಕ್ಕೆ ಹೊತ್ತು ಬೇಕು, ಎದುರಿನವರ ಬಗ್ಗೆ ಎರಡು ನಿಮಿಷವಾದರೂ ಯೋಚಿಸಬೇಕು, ಮರುಮಾತಿಗೆ ಕಾಯಬೇಕು. ಎರಡನೆಯದಕ್ಕೆ ಇದಾವುದೂ ಬೇಡ.

ಮದುವೆಗೆ ಕರೆಯುವ ನಮ್ಮ ರೂಢಿಯಲ್ಲಿ ಈ ತಿಳಿವಳಿಕೆ ಹಿಂದಿನಿಂದಲೂ ಇದೆ. ಮನೆಗೆ ಬಂದು, ಕುಂಕುಮ ಕೊಟ್ಟು, ಲಗ್ನಪತ್ರಿಕೆ ಕೈಗಿತ್ತು ಕರೆದವರ ಮನೆಯ ಮದುವೆಗೆ ಜನ ರಜೆ ಹಾಕಿ ಹೋಗುತ್ತಾರೆ. ವಾಟ್ಸಾಪಿಗೆ ಬಂದ ಕರೆಯೋಲೆಯನ್ನು ನೋಡಿ, ಎಲ್ಲರಿಗೂ ಕಳಿಸಿದಂತೆ ನಮಗೂ ಕಳಿಸಿದ್ದಾರೆ ಎಂದು ಬೇಸರಪಡುತ್ತಾರೆ. ಎರಡರಲ್ಲೂ ಇರುವ ವಿವರ ಒಂದೇ: ಅದೇ ಮುಹೂರ್ತ, ಅದೇ ಛತ್ರ. ಬಿಸಿಲಲ್ಲಿ ಅಲೆದು ಬಂದ ಶ್ರಮವೇ ಕರೆಯ ತಿರುಳು ಎಂದು ಕರೆದವರಿಗೂ ಕರೆಸಿಕೊಂಡವರಿಗೂ ಗೊತ್ತು. ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದೂ ಹಾಗೆಯೇ. ಅಲ್ಲಿ ಆಡುವ ಮಾತು ಎಷ್ಟು ಕಡಿಮೆ! ಹೋಗಿ ಕೂತು, ಹೇಗಾಯಿತೆಂದು ಕೇಳಿ, ಅವರು ಅದನ್ನೇ ಹತ್ತನೆಯ ಸಲ ಹೇಳುವುದನ್ನು ಕೇಳಿಸಿಕೊಂಡು ಎದ್ದು ಬರುವುದು. ಇವತ್ತು ಸಾವಿನ ಸುದ್ದಿಯ ಕೆಳಗೆ ಓಂ ಶಾಂತಿಯ ಸಾಲುಗಳು ಮುನ್ನೂರು ಇರುತ್ತವೆ. ದೂರದ ಪರಿಚಿತರು ಹಾಕಿದ ಆ ಸಾಲೂ ಒಂದಿಷ್ಟು ಸಮಾಧಾನ ಕೊಡುತ್ತದೆ, ಅದನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ತೊಂದರೆಯಾಗುವುದು ಹೋಗಿಬರಬಹುದಾಗಿದ್ದವರು ಕಾಮೆಂಟು ಹಾಕಿ ಋಣ ತೀರಿತೆಂದು ಭಾವಿಸಿದಾಗ. ಹುಟ್ಟುಹಬ್ಬಕ್ಕೂ ಹೀಗೇ ಆಗಿದೆ. ತಾರೀಖನ್ನು ಫೇಸ್‌ಬುಕ್ ನೆನಪಿಸುತ್ತದೆ, ಶುಭಾಶಯವನ್ನು ಒಂದು ಚಿತ್ರ ಹೇಳುತ್ತದೆ, ಆ ದಿನ ಆ ಗೆಳೆಯ ಮನೆಯಲ್ಲಿ ಒಬ್ಬನೇ ಇದ್ದಾನೋ, ಕೆಲಸ ಕಳೆದುಕೊಂಡಿದ್ದಾನೋ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ.

ಈ ತಾಣಗಳು ಹುಟ್ಟಿದಾಗ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. 2004ರಲ್ಲಿ ಆರ್ಕುಟ್ ಬಂದಾಗ ಭಾರತದ ಯುವಜನ ಅದಕ್ಕೆ ಮುಗಿಬಿದ್ದದ್ದು ಕಳೆದುಹೋದ ಸಹಪಾಠಿಗಳನ್ನು ಹುಡುಕಲು. ಒಬ್ಬರ ಪುಟಕ್ಕೆ ಹೋಗಿ ಅವರಿಗೊಂದು ಸ್ಕ್ರ್ಯಾಪ್ ಬರೆದಿಟ್ಟು ಬರಬೇಕಿತ್ತು, ಅವರು ನಿಮ್ಮ ಪುಟಕ್ಕೆ ಬಂದು ಉತ್ತರ ಬರೆಯುತ್ತಿದ್ದರು. 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್ ಮುಚ್ಚಿತು. ಅಷ್ಟರಲ್ಲಿ ಫೇಸ್‌ಬುಕ್ ಎರಡು ಬದಲಾವಣೆ ತಂದಾಗಿತ್ತು. 2006ರಲ್ಲಿ ಬಂದ ನ್ಯೂಸ್ ಫೀಡ್‌ನಿಂದ ಯಾರ ಪುಟಕ್ಕೂ ಹೋಗದೆ ಎಲ್ಲರ ಸುದ್ದಿ ಕೂತಲ್ಲಿಗೆ ಬಂತು. 2009ರ ಲೈಕ್ ಬಟನ್ನಿನಿಂದ ಉತ್ತರ ಬರೆಯುವ ಕೆಲಸವೂ ತಪ್ಪಿತು. ಹೋಗುವುದು, ಬರೆಯುವುದು ಎರಡೂ ಇಲ್ಲವಾದ ಮೇಲೆ ಉಳಿದದ್ದು ನೋಡುವುದು. ಈಗ ನೋಡುವುದರಲ್ಲೂ ಗೆಳೆಯರ ಪಾಲು ಕರಗುತ್ತಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆಯ ವಿಚಾರಣೆ 2025ರಲ್ಲಿ ನಡೆದಾಗ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾ ಕಂಪನಿ ತಾನೇ ಕೆಲವು ಅಂಕಿಗಳನ್ನು ನ್ಯಾಯಾಲಯದ ಮುಂದಿಟ್ಟಿತು. ಫೇಸ್‌ಬುಕ್‌ನಲ್ಲಿ ಜನ ಕಳೆಯುವ ಹೊತ್ತಿನಲ್ಲಿ ಸ್ನೇಹಿತರು ಹಾಕಿದ್ದನ್ನು ನೋಡುವ ಪಾಲು ಎರಡು ವರ್ಷದಲ್ಲಿ ಶೇ 22ರಿಂದ ಶೇ 17ಕ್ಕೆ ಇಳಿದಿತ್ತು. ಇನ್‌ಸ್ಟಾಗ್ರಾಂನಲ್ಲಿ ಶೇ 11ರಿಂದ ಶೇ 7ಕ್ಕೆ. ತಾನು ಸ್ನೇಹಿತರನ್ನು ಬೆಸೆಯುವ ವ್ಯವಹಾರದಲ್ಲಿ ಏಕಸ್ವಾಮಿ ಅಲ್ಲ, ಟಿಕ್‌ಟಾಕ್, ಯೂಟ್ಯೂಬ್‌ಗಳ ಜೊತೆ ಪೈಪೋಟಿಯಲ್ಲಿರುವ ಮನರಂಜನಾ ಕಂಪನಿ ಎಂದು ತೋರಿಸುವುದು ಮೆಟಾಗೆ ಬೇಕಿತ್ತು. ನ್ಯಾಯಾಧೀಶರು ಅದೇ ವರ್ಷದ ನವೆಂಬರಿನಲ್ಲಿ ಕಂಪನಿಯ ಪರವಾಗಿ ತೀರ್ಪು ಕೊಟ್ಟರು. ಕಾನೂನಿನ ವಿಚಾರ ಹೇಗೇ ಇರಲಿ, ರಾತ್ರಿ ಹತ್ತು ಗಂಟೆಗೆ ರೀಲ್ಸ್ ನೋಡುತ್ತಾ ಗೆಳೆಯರ ಜೊತೆ ಸಂಪರ್ಕದಲ್ಲಿದ್ದೇನೆ ಎಂದುಕೊಳ್ಳುವವರು ಆ ಶೇ 7ನ್ನು ನೆನಪಿನಲ್ಲಿಡಬೇಕು. ಉಳಿದ ಶೇ 93 ಹೊತ್ತು ಗೆಳೆಯರಿಗೆ ಸಂಬಂಧವೇ ಇಲ್ಲದ್ದು.

ಇಷ್ಟಾದರೂ ಇದರಿಂದ ಕೆಡುಕಾಗಿದೆ ಎನ್ನಲು ಪುರಾವೆ ಗಟ್ಟಿಯಿಲ್ಲ ಎನ್ನುವವರಿದ್ದಾರೆ. ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್‌ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಜಾಲಾಡಿ 2019ರಲ್ಲಿ ಕಂಡುಕೊಂಡದ್ದೇನೆಂದರೆ, ಅವರ ನೆಮ್ಮದಿಯಲ್ಲಿ ಇರುವ ಏರುಪೇರಿನ ಶೇ 0.4ರಷ್ಟನ್ನು ಮಾತ್ರ ಡಿಜಿಟಲ್ ಬಳಕೆಯಿಂದ ವಿವರಿಸಬಹುದು. ಇನ್ನೊಂದು ಕಡೆ, ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಪ್ರಯೋಗವೊಂದರಲ್ಲಿ ಒಂದು ಗುಂಪಿನವರು 2018ರ ಚುನಾವಣೆಗೆ ಮುಂಚೆ ನಾಲ್ಕು ವಾರ ಫೇಸ್‌ಬುಕ್ ಬಂದ್ ಮಾಡಿದರು. ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು. ಅದರಲ್ಲಿ ಒಂದಿಷ್ಟು ಟಿವಿಗೆ ಹೋಯಿತು, ಒಂದಿಷ್ಟು ಮನೆಮಂದಿ ಮತ್ತು ಗೆಳೆಯರಿಗೆ ಸಂದಿತು. ನೆಮ್ಮದಿ ಸ್ವಲ್ಪ ಹೆಚ್ಚಿತು, ಸುದ್ದಿಸಮಾಚಾರದ ಅರಿವು ಕಡಿಮೆಯಾಯಿತು. ಎರಡೂ ಅಧ್ಯಯನಗಳು ದೊಡ್ಡ ಅನಾಹುತವನ್ನೇನೂ ತೋರಿಸುವುದಿಲ್ಲ. ಆದರೆ ಸರಾಸರಿ ಎಂಬುದು ಒಬ್ಬರ ಲಾಭವನ್ನೂ ಇನ್ನೊಬ್ಬರ ನಷ್ಟವನ್ನೂ ಒಂದೇ ಅಂಕಿಯಲ್ಲಿ ಅಡಗಿಸುತ್ತದೆ. ಇಂಟರ್‌ನೆಟ್ ಹೊಸದಾಗಿದ್ದ ದಿನಗಳಲ್ಲಿ ಇದೇ ರಾಬರ್ಟ್ ಕ್ರೌಟ್ ಪಿಟ್ಸ್‌ಬರ್ಗ್‌ನ ಕುಟುಂಬಗಳನ್ನು ಅಧ್ಯಯನ ಮಾಡಿ, ಅದರಿಂದ ಒಂಟಿತನ ಹೆಚ್ಚುತ್ತದೆ ಎಂದು 1998ರಲ್ಲಿ ಹೇಳಿದ್ದರು. ಕೆಲವು ವರ್ಷದ ನಂತರ ಮತ್ತೆ ನೋಡಿದಾಗ ಆ ಕೆಡುಕು ಬಹುಮಟ್ಟಿಗೆ ಮಾಯವಾಗಿತ್ತು. ಹೊಸದಾಗಿ ಅಧ್ಯಯನಕ್ಕೆ ಸೇರಿದ ಇನ್ನೊಂದು ಗುಂಪಿನಲ್ಲಿ ಬೇರೊಂದು ಸಂಗತಿ ಕಂಡಿತು: ಮೊದಲೇ ಜನಬಳಕೆ, ಆಸರೆ ಇದ್ದವರಿಗೆ ಇಂಟರ್‌ನೆಟ್‌ನಿಂದ ಒಳ್ಳೆಯದಾಗಿತ್ತು, ಅವು ಕಡಿಮೆ ಇದ್ದವರಿಗೆ ಅಷ್ಟು ಒಳಿತಾಗಿರಲಿಲ್ಲ. ಇವತ್ತಿನ ಜಾಲತಾಣವೂ ಹಾಗೆಯೇ, ಗೆಳೆಯರಿರುವವರಿಗೆ ಅದು ಇನ್ನೊಂದು ಅನುಕೂಲ. ಗೆಳೆಯರಿಲ್ಲದವರಿಗೆ ಅದು ಗೆಳೆಯರನ್ನು ತಂದುಕೊಡುತ್ತದೆಂಬ ಭರವಸೆ ಮಾತ್ರ ಸುಳ್ಳಾಗುತ್ತಿದೆ.

ಈ ಮಾತಿಗೆ ಎದುರಾಗಿ ಇಡಬಹುದಾದ ಬಹಳ ದೊಡ್ಡ ನಿದರ್ಶನ ನಾರ್ವೆಯ ಮಾಟ್ಸ್ ಸ್ಟೀನ್. ಸ್ನಾಯುಗಳು ಕ್ರಮೇಣ ಕ್ಷಯಿಸುವ ಡುಶೆನ್ ಎಂಬ ಕಾಯಿಲೆಯಿಂದ ಗಾಲಿಕುರ್ಚಿಗೆ ಸೀಮಿತನಾಗಿದ್ದ ಈ ಯುವಕ 2014ರಲ್ಲಿ 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗ ಗೆಳೆಯರಿಲ್ಲದೆ, ಕಂಪ್ಯೂಟರ್ ಆಟದಲ್ಲೇ ಬದುಕು ಕಳೆದನಲ್ಲ ಎಂದು ತಂದೆ ತಾಯಿ ಕೊರಗಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದಾಗ ಯೂರೋಪಿನ ನಾನಾ ಕಡೆಯಿಂದ ಪತ್ರಗಳು ಬಂದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಇಬೆಲಿನ್ ಎಂಬ ಹೆಸರಿನಲ್ಲಿ ಅವನು ಎಷ್ಟೋ ಜನರ ಕಷ್ಟ ಕೇಳಿದ್ದ, ಮುರಿದ ಮನೆಗಳಲ್ಲಿ ಮಾತು ಮತ್ತೆ ಶುರುವಾಗುವಂತೆ ಮಾಡಿದ್ದ. ಕೆಲವರು ಬೇರೆ ದೇಶಗಳಿಂದ ಅವನ ಅಂತ್ಯಕ್ರಿಯೆಗೇ ಬಂದರು. ಅವನ ಮೇಲೆ ಸಾಕ್ಷ್ಯಚಿತ್ರವೂ ಬಂದಿದೆ. ಇದು ನಿಜವಾದ ಗೆಳೆತನ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಹೇಗೆ ಬೆಳೆಯಿತೆಂದು ನೋಡಬೇಕು. ಅದೇ ಸಣ್ಣ ಗುಂಪು, ವರ್ಷಗಟ್ಟಲೆ, ಸಾವಿರಾರು ಗಂಟೆ, ಜೊತೆಗೂಡಿ ಒಂದು ಕೆಲಸ, ಒಬ್ಬೊಬ್ಬರೊಡನೆ ಮಾತುಕತೆ. ಜೆಫ್ರಿ ಹಾಲ್ ಹೇಳಿದ ಗಂಟೆಗಳನ್ನು ಅವರು ಪರದೆಯ ಮೇಲೆ ತುಂಬಿದ್ದರು. ಅಮೆರಿಕದಲ್ಲಿರುವ ಮಗಳ ಜೊತೆ ದಿನಾ ವಿಡಿಯೊ ಕಾಲ್‌ನಲ್ಲಿ ಅಡುಗೆ ಮಾಡುತ್ತಾ ಮಾತಾಡುವ ಧಾರವಾಡದ ತಾಯಿ, ದುಬೈನಿಂದ ರಾತ್ರಿಯೂಟದ ಹೊತ್ತಿಗೆ ಫೋನ್ ಮಾಡುವ ಕರಾವಳಿಯ ಅಪ್ಪ, ಇವರೂ ಅದನ್ನೇ ಮಾಡುತ್ತಿದ್ದಾರೆ. ದೂರ ಇರುವವರಿಗೆ, ಮಂಚ ಬಿಟ್ಟು ಏಳಲಾರದವರಿಗೆ ತಂತ್ರಜ್ಞಾನ ಕೊಟ್ಟಿರುವ ಈ ದಾರಿಯನ್ನು ಕೃತಜ್ಞತೆಯಿಂದ ನೆನೆಯಬೇಕು.

ಪರಿಚಯ ಪರಿಚಯವಾಗಿಯೇ ಉಳಿದರೂ ಅದರಿಂದ ಉಪಯೋಗವಿದೆ ಎಂಬುದೂ ಸತ್ಯ. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ ವಿಚಾರಿಸಿದಾಗ, ಕೆಲಸದ ಸುಳಿವು ಕೊಟ್ಟವರು ಆಗಾಗ್ಗೆ ಭೇಟಿಯಾಗುವ ಆಪ್ತರಾಗಿದ್ದದ್ದು ಆರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆ ನೆರವಾದದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವ ಪರಿಚಿತರು. 1973ರಲ್ಲಿ ಬಂದ ಆ ಲೇಖನ ಇವತ್ತಿಗೂ ನಿಲ್ಲುತ್ತದೆ. 2021ರ ಕೊರೋನಾ ಎರಡನೆಯ ಅಲೆಯಲ್ಲಿ ಆಮ್ಲಜನಕ, ಹಾಸಿಗೆ, ಔಷಧಿಗಾಗಿ ಟ್ವಿಟರಿನಲ್ಲಿ ಕೂಗಿದವರಿಗೆ ಓಗೊಟ್ಟವರು ಎಷ್ಟೋ ಸಲ ಮುಖವನ್ನೇ ನೋಡದವರು. ಸುದ್ದಿಯನ್ನು ಬೇಗ ಹರಡಬೇಕಾದಲ್ಲಿ ಈ ಜಾಲಕ್ಕೆ ಸಾಟಿಯಿಲ್ಲ. ಆಪ್ತರ ಜಾಗವನ್ನು ಅದರಿಂದ ತುಂಬಬಹುದೆಂದುಕೊಂಡರೆ ಮಾತ್ರ ಮೋಸ ಹೋಗುತ್ತೇವೆ.

ನನಗೆ ಹೆಚ್ಚು ಭಾರವಾಗಿ ಕಾಣುವ ಆಕ್ಷೇಪ ಇನ್ನೊಂದು. ಹಳೆಯ ಕಾಲದ ಭೇಟಿ, ಹರಟೆ ಎಲ್ಲರಿಗೂ ಸಿಗುತ್ತಿತ್ತೇ? ಅರಳಿಕಟ್ಟೆಯ ಮೇಲೆ ಕೂರುವ ಹಕ್ಕು ಊರಿನ ಎಲ್ಲ ಗಂಡಸರಿಗೂ ಇರಲಿಲ್ಲ. ದಲಿತರು ಅದರ ಹತ್ತಿರ ಸುಳಿಯುವಂತಿರಲಿಲ್ಲ, ಹೆಂಗಸರು ತಲೆ ತಗ್ಗಿಸಿ ದಾಟಿ ಹೋಗಬೇಕಿತ್ತು. ಹೆಣ್ಣುಮಕ್ಕಳ ಗೆಳೆತನಕ್ಕಂತೂ ಮದುವೆಯೇ ಕೊನೆ. ಜೊತೆಗೆ ಆಡಿ ಬೆಳೆದವರು ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದ ಮೇಲೆ ತವರಿನ ಜಾತ್ರೆಯಲ್ಲಿ ಸಿಕ್ಕರೆ ಸಿಕ್ಕರು. ಗಂಡಸರ ಗೆಳೆತನವನ್ನು ನೆನೆದು ಹಂಬಲಿಸುವ ಬರಹಗಳು ಈ ಸಂಗತಿಯನ್ನು ಮರೆಯುತ್ತವೆ. ಮೂವತ್ತು ವರ್ಷ ಮಾತಿಲ್ಲದೆ ಕಳೆದ ಗೆಳತಿಯರನ್ನು ಫೋನು ಮತ್ತೆ ಒಂದುಗೂಡಿಸಿದೆ. ಆದ್ದರಿಂದ ಹಿಂದಿನದಕ್ಕೆ ಮರಳೋಣ ಎಂಬ ಕರೆ ನನ್ನದಲ್ಲ. ಆದರೆ ಹೀಗೆ ಒಂದುಗೂಡಿದವರು ಏನು ಮಾಡುತ್ತಿದ್ದಾರೆಂದು ಗಮನಿಸಬೇಕು. ಇಂತಿಷ್ಟನೆಯ ಇಸವಿಯ ಎಸ್ಸೆಸ್ಸೆಲ್ಸಿ ಬ್ಯಾಚ್ ಎಂಬ ವಾಟ್ಸಾಪ್ ಗ್ರೂಪುಗಳು ನಾಡಿನ ಹಳ್ಳಿ ಪಟ್ಟಣಗಳಲ್ಲೆಲ್ಲ ಇವೆ. ಅಲ್ಲಿ ಒಂದಷ್ಟು ದಿನ ಶುಭೋದಯದ ಚಿತ್ರಗಳು ಹರಿದಾಡಿದ ಮೇಲೆ ಯಾರಾದರೊಬ್ಬರು ಒಮ್ಮೆ ಸೇರೋಣ ಎನ್ನುತ್ತಾರೆ. ಹಳೆಯ ಶಾಲೆಯ ಅಂಗಳದಲ್ಲಿ ಗುರುವಂದನೆ ಏರ್ಪಡುತ್ತದೆ, ಮೇಷ್ಟ್ರುಗಳಿಗೆ ಶಾಲು ಹೊದಿಸುತ್ತಾರೆ, ಗಂಡ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ಹೆಂಗಸರು ಸಂಜೆಯವರೆಗೆ ಮಾತಾಡುತ್ತಾರೆ. ಗ್ರೂಪು ಸಾರ್ಥಕವಾಗುವುದು ಅವತ್ತು. ಹಾಗೆಯೇ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳನ್ನು ಸಾಲ, ಉಳಿತಾಯದ ಲೆಕ್ಕದಲ್ಲೇ ನಾವು ಅಳೆಯುತ್ತೇವೆ. ಹದಿನೈದಿಪ್ಪತ್ತು ಹೆಂಗಸರಿಗೆ ವಾರಕ್ಕೊಮ್ಮೆ ಮನೆಯಿಂದ ಹೊರಟು ಒಂದು ಕಡೆ ಕೂರಲು ಯಾರೂ ಪ್ರಶ್ನಿಸಲಾಗದ ಕಾರಣವೊಂದನ್ನು ಅವು ಒದಗಿಸಿದವು. ಆ ಕೂರುವಿಕೆಯ ಬೆಲೆಯನ್ನು ಯಾವ ಪಾಸ್‌ಬುಕ್ಕಿನಲ್ಲೂ ಬರೆದಿಲ್ಲ.

ಇದನ್ನೆಲ್ಲ ಮನಸ್ಸಿನ ಸಮಾಧಾನದ ವಿಷಯವೆಂದಷ್ಟೇ ತಿಳಿಯಬಾರದು. ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ತೋರಿಸಿದಂತೆ, ಗಟ್ಟಿಯಾದ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇ 50ರಷ್ಟು ಹೆಚ್ಚು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವೈದ್ಯ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಒಂಟಿತನದ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿದರು. ಅದರ ಪ್ರಕಾರ 15ರಿಂದ 24 ವರ್ಷದ ಅಮೆರಿಕನ್ನರು ಗೆಳೆಯರೊಡನೆ ಮುಖಾಮುಖಿ ಕಳೆಯುವ ಹೊತ್ತು 2003ರಲ್ಲಿ ದಿನಕ್ಕೆ ಸುಮಾರು 150 ನಿಮಿಷ ಇದ್ದದ್ದು 2020ರಲ್ಲಿ 40 ನಿಮಿಷಕ್ಕೆ ಇಳಿದಿತ್ತು. 2020 ಕೊರೋನಾದ ವರ್ಷವಾದ್ದರಿಂದ ಆ ಕೊನೆಯ ಅಂಕಿಯನ್ನು ಎಚ್ಚರದಿಂದ ಓದಬೇಕು. ಇಳಿತ ಮಾತ್ರ ಅದಕ್ಕಿಂತ ಬಹಳ ಮೊದಲೇ ಶುರುವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಕೊಟ್ಟ ವರದಿಯಂತೆ ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ.

ಭೇಟಿಯಾಗಲು ಪುರುಸೊತ್ತೆಲ್ಲಿದೆ, ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬರುವಷ್ಟರಲ್ಲಿ ಭಾನುವಾರವೇ ಮುಗಿಯುತ್ತದಲ್ಲ ಎಂದು ಕೇಳುವವರಿಗೆ ಹೆಚ್ಚು ಮನಸ್ಸು ಮಾಡಿ ಎಂದು ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ. ಅವರು ಹೇಳುವುದು ನಿಜ, ಮತ್ತು ಅದರಲ್ಲಿ ಪರಿಹಾರದ ಸುಳಿವೂ ಇದೆ. ಗೆಳೆತನಕ್ಕೆ ಗಂಟೆಗಳು ಬೇಕಾದರೆ, ಗಂಟೆಗಳಿಗೆ ಮನೆಯ ಹತ್ತಿರ, ದುಡ್ಡು ಕೊಡದೆ ಕೂರಬಹುದಾದ ಜಾಗ ಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ವಾರಕ್ಕೊಮ್ಮೆ ಚಾಪೆ ಹಾಸಿ ಮೌನವಾಗಿ ಓದುವ ಕಬ್ಬನ್ ರೀಡ್ಸ್ ಕೂಟದ ಸುದ್ದಿ ಹಬ್ಬಿದ್ದು ಇನ್‌ಸ್ಟಾಗ್ರಾಂನಲ್ಲಿ. ಅದು ಬೆಳೆದು ಬೇರೆ ಊರುಗಳಿಗೂ ಹರಡಲು ಸಾಧ್ಯವಾದದ್ದು ಹಾಗೆ ಸುಮ್ಮನೆ ಕೂರಲು ಬಿಡುವ ದೊಡ್ಡ ತೋಟಗಳು ಇದ್ದದ್ದರಿಂದ. ಬಡಾವಣೆಗಳ ಪಾರ್ಕುಗಳು ಬಹಳ ಕಾಲ ಬೆಳಗ್ಗೆ ಸಂಜೆ ವಾಕಿಂಗಿನವರಿಗೆ ತೆರೆದು ನಡುಹಗಲು ಬೀಗ ಹಾಕಿರುತ್ತಿದ್ದವು. 2024ರಲ್ಲಿ ಅವುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಗರಪಾಲಿಕೆ ಆದೇಶಿಸಿತು. ಒಂಟಿತನದ ವಿರುದ್ಧ ಸರ್ಕಾರವೊಂದು ಮಾಡಬಹುದಾದ ಕೆಲಸ ಇಂಥದ್ದೇ. ಬೇರೆ ಊರುಗಳಲ್ಲಿ ಇನ್ನೂ ಎಷ್ಟೋ ಆಗಬೇಕಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ದುಡಿದು ಬಂದವರಿಗೂ ಸಿಗುವಂತೆ ರಾತ್ರಿಯ ತನಕ ತೆರೆದಿರಬೇಕು. ಪುರಸಭೆಯ ಪಾರ್ಕಿನಲ್ಲಿ ಹೆಂಗಸರು ಕೂರಲು ಬೆಂಚು, ಬೆಳಕು, ಅದಕ್ಕಿಂತ ಮೊದಲು ನೀರಿರುವ ಶೌಚಾಲಯ ಇರಬೇಕು, ಏಕೆಂದರೆ ಅದಿಲ್ಲದ ಕಡೆ ಇಬ್ಬರು ಗೆಳತಿಯರಿಗೆ ಎರಡು ಗಂಟೆ ಕೂತು ಮಾತಾಡಲು ಆಗುವುದಿಲ್ಲ.